ಫೈಟರ್ ಟ್ಯಾಂಕಿನ ಅಡ್ಡಗೋಡೆ: ಯಾವ ಅಂಟು ನಿಂತಿತು, ಯಾವುದು ಕಿತ್ತು ಬಂತು

ನಮ್ಮ ಮನೆಯ ಎರಡಡಿ ಟ್ಯಾಂಕಿನಲ್ಲಿ ಮೂರು ಗಂಡು ಫೈಟರ್ ಮೀನುಗಳಿವೆ. ಗಂಡು ಫೈಟರ್‌ಗಳನ್ನು ಒಟ್ಟಿಗೆ ಬಿಡುವ ಹಾಗಿಲ್ಲ, ಕಚ್ಚಾಡುತ್ತವೆ. ಅದಕ್ಕೆ ಎರಡು ಕಡೆ ಪ್ಲಾಸ್ಟಿಕ್ ಜಾಲರಿ ಅಡ್ಡ ನಿಲ್ಲಿಸಬೇಕಿತ್ತು. ಜಾಲರಿ ಸುಲಭವಾಗಿ ಸಿಕ್ಕಿತು. ಅದನ್ನು ಗಾಜಿಗೆ ಹಿಡಿಸುವುದಕ್ಕೆ ಮಾತ್ರ ನಾಲ್ಕು ಥರದ ಅಂಟು ನೋಡಬೇಕಾಯಿತು.

ಮೊದಲು ಗ್ಲೂ ಗನ್. ಎರಡು ನಿಮಿಷದ ಕೆಲಸ. ಮೀನುಗಳಿಗೂ ಏನೂ ಆಗಲಿಲ್ಲ. ಆದರೆ ನುಣುಪಾದ ಗಾಜಿನ ಮೇಲೆ ಅದಕ್ಕೆ ಹಿಡಿತ ಕಡಿಮೆ. ಮೂರನೇ ವಾರ ಉಗುರಿನಿಂದ ಸುಮ್ನೆ ಒತ್ತಿ ನೋಡಿದೆ. ಇಡೀ ಪಟ್ಟಿ ಸಿಪ್ಪೆಯ ಹಾಗೆ ಎದ್ದು ಬಂತು.

ಆಮೇಲೆ ಜೆಲ್ ಥರದ ಸೂಪರ್ ಗ್ಲೂ. ಹವಳ ಸಾಕುವವರು ಅದರ ತುಂಡುಗಳನ್ನು ಕಲ್ಲಿಗೆ ಅಂಟಿಸುವುದು ಇದರಿಂದಲೇ. ಗಟ್ಟಿಯಾದ ಮೇಲೆ ಮೀನಿಗೆ ತೊಂದರೆ ಇಲ್ಲ, ಒದ್ದೆಯಲ್ಲೂ ಹಿಡಿಯುತ್ತದೆ. ಆದರೆ ಇದು ಬಾಗುವುದಿಲ್ಲ, ಬಿರಿಯುತ್ತದೆ. ಟ್ಯಾಂಕ್ ತೊಳೆಯುವಾಗ ಜಾಲರಿ ಸ್ವಲ್ಪ ಅಲುಗಿದರೂ ಅಂಟಿನಲ್ಲಿ ಬಿರುಕು. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ಜಾಲರಿಯ ಒಂದು ಅಂಚು ಬಿಟ್ಟುಕೊಂಡಿತ್ತು. ಕೆಂಪು ಮೀನು ನೀಲಿಯ ಕಡೆಗೆ ನುಗ್ಗಿತ್ತು. ನೀಲಿಯ ಬಾಲ ಹರಿದ ರಿಬ್ಬನ್ನಿನ ಹಾಗೆ ಮೂರು ಎಳೆಯಾಗಿ ತೂಗುತ್ತಿತ್ತು. ಅವತ್ತು ನನಗೆ ಊಟ ಸೇರಲಿಲ್ಲ. ನೀಲಿಯನ್ನು ಬೇರೆ ಡಬ್ಬಿಗೆ ಹಾಕಿ, ಗಾಯ ಮಾಯಲಿ ಅಂತ ಕಾಡುಬಾದಾಮಿ ಎಲೆ ಬಿಟ್ಟು, ದಿನಾ ಸ್ವಲ್ಪ ನೀರು ಬದಲಾಯಿಸಿದೆ.

ಎರಡು ಟ್ಯೂಬ್ ಕಲಸುವ ಎಪಾಕ್ಸಿಯನ್ನು ಒಂದು ಗಾಜಿನ ತುಂಡಿನ ಮೇಲೆ ಮಾತ್ರ ಪರೀಕ್ಷೆ ಮಾಡಿದೆ. ಹಿಡಿತ ಚೆನ್ನಾಗಿದೆ. ಆದರೆ ಅಳತೆ ತಪ್ಪಿದರೆ ಒಳಗೆ ಗಟ್ಟಿಯಾಗದ ಅಂಶ ಉಳಿದು ನೀರಿಗೆ ಬಿಡುತ್ತದೆ. ಕಲ್ಲಿಗೆ ಸರಿ, ಅಡ್ಡಗೋಡೆಗೆ ಬೇಡ ಅನ್ನಿಸಿತು.

ಕೊನೆಗೆ ಸಿಲಿಕೋನ್. ಟ್ಯಾಂಕಿನ ಗಾಜುಗಳನ್ನೇ ಜೋಡಿಸುವುದು ಇದರಿಂದ, ಮೊದಲೇ ಇದಕ್ಕೆ ಬರಬೇಕಿತ್ತು. ಆದರೆ ಎಲ್ಲ ಸಿಲಿಕೋನೂ ಒಂದೇ ಅಲ್ಲ. ಅಂಗಡಿಯವರು ಮೊದಲು ಕೊಟ್ಟ ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಬೂಷ್ಟು ತಡೆಯುತ್ತದೆ ಅಂತ ಇತ್ತು. ಬಚ್ಚಲು, ಸಿಂಕಿಗೆ ಬಳಸುವ ಇಂಥ ಟ್ಯೂಬುಗಳಲ್ಲಿ ಬೂಷ್ಟು ಕೊಲ್ಲುವ ಔಷಧಿ ಇರುತ್ತದೆ. ಅದು ಮೀನಿಗೂ ವಿಷ. ವಾಪಸ್ ಕೊಟ್ಟು, 100% ಸಿಲಿಕೋನ್, ಅಕ್ವೇರಿಯಂಗೆ ಅಂತಲೇ ಬರೆದಿದ್ದನ್ನು ತಂದೆ.

ಹಚ್ಚುವಾಗ ಘಾಟಾದ ವಿನೆಗರ್ ವಾಸನೆ ಬಂತು. ಅದು ಗಟ್ಟಿಯಾಗುವಾಗ ಹೊರಗೆ ಬರುವ ಅಸಿಟಿಕ್ ಆಮ್ಲ, ಹೆದರಬೇಕಿಲ್ಲ. ಆದರೆ ವಾಸನೆ ಪೂರ್ತಿ ಹೋಗುವ ತನಕ ನೀರು ಹಾಕಬಾರದು. ಅರ್ಧ ಗಂಟೆಯೊಳಗೆ ಮೇಲೆ ಪೊರೆ ಕಟ್ಟುತ್ತದೆ, ಒಳಗೆ ದಿನಕ್ಕೆ 2-3 ಮಿ.ಮೀ. ಅಷ್ಟೇ ಗಟ್ಟಿಯಾಗುವುದು. ಗಾಳಿಯ ತೇವವೇ ಅದನ್ನು ಗಟ್ಟಿ ಮಾಡುವುದರಿಂದ ಮಳೆಗಾಲ ಅಂತ ಚಿಂತೆ ಬೇಡ. ನಾನು 7 ದಿನ ಬಿಟ್ಟು, ಎರಡು ಸಲ ನೀರು ತುಂಬಿಸಿ ಚೆಲ್ಲಿ, ಆಮೇಲೆ ಮೀನು ಬಿಟ್ಟೆ.

ಇಲ್ಲೂ ಒಂದು ಪಾಠ ಕಲಿಯಬೇಕಾಯಿತು. ಸಿಲಿಕೋನ್ ಗಾಜನ್ನು ಹಿಡಿದಷ್ಟು ಪ್ಲಾಸ್ಟಿಕ್ಕನ್ನು ಹಿಡಿಯುವುದಿಲ್ಲ. ಜಾಲರಿ ಸಿಕ್ಕಿಸಲು ಸ್ಟಿಕ್ ಫೈಲಿನ, ಅಂದರೆ ಕಾಗದ ಹಿಡಿದಿಡುವ ಫೈಲಿನ, ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ್ದೆ. ತಿಂಗಳೊಳಗೆ ಪಟ್ಟಿ ಮಾತ್ರ ಕಳಚಿತು, ಸಿಲಿಕೋನ್ ಗಾಜಿನ ಮೇಲೇ ಉಳಿಯಿತು. ಹಾಗಾಗಿ ಗಾಜಿನ ಅಂಗಡಿಯಲ್ಲಿ 4 ಮಿ.ಮೀ. ಗಾಜನ್ನು ಒಂದಿಂಚು ಅಗಲದ ಎಂಟು ಪಟ್ಟಿ ಮಾಡಿಸಿ, ಅಂಚು ಉಜ್ಜಿಸಿದೆ. ಟ್ಯಾಂಕಿನ ಗಾಜನ್ನು ಬ್ಲೇಡಿನಿಂದ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಒಂದೊಂದು ಜಾಲರಿಯ ಎರಡೂ ಬದಿಗೆ ಎರಡೆರಡು ಪಟ್ಟಿ ಅಂಟಿಸಿದೆ. ನಡುವಿನ ಸಂದಿಯಲ್ಲಿ ಜಾಲರಿ ಕೂರುತ್ತದೆ. ಈಗ ಜಾಲರಿಗೆ ಅಂಟೇ ಇಲ್ಲ. ಪಾಚಿ ಕಟ್ಟಿದರೆ ಮೇಲಕ್ಕೆ ಎಳೆದು ತೊಳೆದು ಮತ್ತೆ ಇಳಿಸಿದರಾಯಿತು. ಜಾಲರಿ ಮುಚ್ಚಳದ ತನಕ ಇರಲಿ, ಫೈಟರ್‌ಗಳು ಜಾಸ್ತಿ ನೆಗೆಯುತ್ತವೆ.

ಎಂಟು ತಿಂಗಳಾಯಿತು, ಒಂದು ಪಟ್ಟಿಯೂ ಅಲುಗಿಲ್ಲ. ನೀಲಿಯ ಬಾಲವೂ ಬೆಳೆದಿದೆ. ಮೊದಲು ಹೊಸ ಅಂಚು ಗಾಜಿನ ಹಾಗೆ ಬಣ್ಣವೇ ಇಲ್ಲದೆ ಬಂದಿತ್ತು, ಈಗ ಅದರಲ್ಲೂ ನೀಲಿ ತುಂಬುತ್ತಿದೆ.