ಚೆನ್ನೈಗೆ ನೆಂಟರು ಬಂದ್ರೆ ಮಹಾಬಲಿಪುರಕ್ಕೆ ಈ ಪ್ಯಾಕೇಜ್ ಟ್ಯಾಕ್ಸಿ ಮಾತ್ರ ಬೇಡ

ರಜಕ್ಕೆ ಊರಿಂದ ಯಾರೇ ಬರ್ಲಿ, ಮಹಾಬಲಿಪುರ ತೋರಿಸ್ದೆ ಕಳ್ಸೋಕಾಗಲ್ಲ. ಅದಕ್ಕೇ ಮೇ ತಿಂಗಳಲ್ಲಿ ನಮಗಾಗಿದ್ದನ್ನ ಪೂರ್ತಿ ಬರೀತಿದೀನಿ, ಉದ್ದ ಆದ್ರೂ ಓದಿ.

ಬಂದಿದ್ದು ನನ್ ಹೆಂಡ್ತಿಯ ಸೋದರಮಾವ, ಅತ್ತೆ. ಬಾದಾಮಿಯವರು. ಮಾವನಿಗೆ 71, ಹೈಸ್ಕೂಲಲ್ಲಿ ಇತಿಹಾಸದ ಮೇಷ್ಟ್ರಾಗಿದ್ದವರು. 642ರಲ್ಲಿ ಪಲ್ಲವ ನರಸಿಂಹವರ್ಮ ಪುಲಕೇಶಿಯನ್ನ ಸೋಲಿಸಿ ಬಾದಾಮಿ ಬಂಡೆ ಮೇಲೇ ಶಾಸನ ಕೆತ್ತಿಸಿದ್ದು, ಸುಮಾರು ನೂರು ವರ್ಷಕ್ಕೆ ನಮ್ಮ ಚಾಲುಕ್ಯರ ಎರಡನೇ ವಿಕ್ರಮಾದಿತ್ಯ ಪಲ್ಲವರ ರಾಜಧಾನಿ ಕಂಚಿ ಗೆದ್ದು, ಕೈಲಾಸನಾಥ ದೇವಸ್ಥಾನದ ಸಂಪತ್ತು ಮುಟ್ಟದೆ ದೇವರಿಗೇ ಬಿಟ್ಟು ಅಲ್ಲೇ ಕನ್ನಡದಲ್ಲಿ ಶಾಸನ ಹಾಕಿಸಿದ್ದು, ಇದನ್ನೆಲ್ಲ ಜೀವನಪೂರ್ತಿ ಮಕ್ಕಳಿಗೆ ಹೇಳಿದ್ದಾರೆ. "ಮಾಮಲ್ಲ ಅನ್ನೂದು ನರಸಿಂಹವರ್ಮನ ಬಿರುದ್ರಿ ಅಳಿಯಂದ್ರ, ಮಹಾಬಲಿಪುರ ಅಂದ್ರ ಅವನ ಮಾಮಲ್ಲಪುರ, ಒಮ್ಮೆ ಕಣ್ಣಾರೆ ನೋಡಬೇಕು" ಅಂತ ಬಂದ ದಿನದಿಂದ ಹೇಳ್ತಿದ್ರು.

ನನಗೆ ಆಫೀಸಲ್ಲಿ ಪುರುಸೊತ್ತಿರ್ಲಿಲ್ಲ ಅಂತ ಫೋನಲ್ಲೇ ಒಂದು ಫುಲ್ ಡೇ ಪ್ಯಾಕೇಜ್ ಬುಕ್ ಮಾಡ್ದೆ, ಗಾಡಿ, ಟೋಲ್, ಪಾರ್ಕಿಂಗ್ ಎಲ್ಲಾ ಸೇರಿ ಅಂದ್ರು. ಎಷ್ಟೊತ್ತಿಗೆ ಎಲ್ಲಿರ್ತೀವಿ ಅಂತ ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಏಳಕ್ಕೆ ಬರಬೇಕಾದ ಗಾಡಿ ಬಂದಿದ್ದು ಎಂಟೂವರೆಗೆ. ಕಡಲ ತೀರದ ಇಸಿಆರ್ ರೋಡಲ್ಲಿ 60 ಕಿಲೋಮೀಟರ್ ಒಳಗಿನ ದಾರಿ ಅದು, ಆದ್ರೆ ಡ್ರೈವರ್ ಮೊದಲು ಮೊಸಳೆ ಪಾರ್ಕಲ್ಲಿ ನಿಲ್ಲಿಸಿದ, ಆಮೇಲೆ ಚಿಪ್ಪಿನ ಸಾಮಾನಿನ ಅಂಗಡಿ, ಆಮೇಲೆ ಕಲ್ಲಿನ ಮೂರ್ತಿಗಳ ದೊಡ್ಡ ಶೋರೂಮು, ಸೀದಾ ಹೋಗಪ್ಪ ಅಂದ್ರೆ "ಫೈವ್ ಮಿನಿಟ್ಸ್ ಸಾರ್, ನೋಡೋದಕ್ಕೆ ದುಡ್ಡಿಲ್ಲ" ಅಂತಾನೆ. ನಾವು ಒಳಗೆ ಹೋದ ತಕ್ಷಣ ಅಂಗಡಿಯವರು ಅವನ ಹೆಸರು ಬರ್ಕೊಳ್ತಿದ್ರು, ಕಮಿಷನ್ ಅಂತ ಅಲ್ಲೇ ಗೊತ್ತಾಯ್ತು.

ಮಹಾಬಲಿಪುರದ ಐದು ಕಲ್ಲಿನ ರಥಗಳಿರೋ ಪಂಚರಥದ ಮುಂದೆ ಇಳಿದಾಗ ಹನ್ನೆರಡೂ ಕಾಲು. ಮೇ ತಿಂಗಳ ಕತ್ತಿರಿ ಬಿಸಿಲು ಅಂದ್ರೆ ಏನು ಅಂತ ಚೆನ್ನೈಲಿ ಇರೋರಿಗೆ ಹೇಳ್ಬೇಕಾಗಿಲ್ಲ. ಸುತ್ತ ಮರಳು, ಕಾದ ಬಂಡೆ, ಕಡಲ ಪಕ್ಕದ ಸೆಕೆ ಬೇರೆ, ನೆರಳು ಅನ್ನೋದು ಸ್ವಲ್ಪಾನೇ. ಮಾವ ಅದ್ಯಾವುದನ್ನೂ ಲೆಕ್ಕಕ್ಕೇ ತಗೊಳ್ದೆ, ಇವೆಲ್ಲ ಕಟ್ಟಿದ್ದಲ್ಲ, ಬಂಡೆಯನ್ನೇ ಮೇಲಿಂದ ಕೆಳಕ್ಕೆ ಕಡಿದು ಮಾಡಿದ್ದು, ಕೆಲ್ಸ ಅರ್ಧಕ್ಕೇ ನಿಂತಿದೆ ನೋಡ್ರಿ ಅಂತ ಒಂದೊಂದೇ ತೋರಿಸ್ತಾ ಹೋದ್ರು. ಭೀಮನ ರಥದ ಹತ್ರ ಮಾತು ತೊದಲೋಕೆ ಶುರುವಾಯ್ತು, ಮೀನಖಂಡ ಹಿಡ್ಕೊಂಡು ಹಂಗೇ ಕೂತ್ಬಿಟ್ರು.

ಡ್ರೈವರ್‌ಗೆ ಫೋನ್ ಮೇಲೆ ಫೋನ್, ಎತ್ತಲ್ಲ. ಇಪ್ಪತ್ತೈದು ನಿಮಿಷ! ನಮ್ಮ ನೀರಿನ ಬಾಟಲ್ ಎಲ್ಲಾ ಗಾಡಿಯಲ್ಲೇ ಇದ್ವು. ಗೇಟ್ ಹತ್ರ ಎಳನೀರು ಮಾರೋ ಅಮ್ಮ ಒಬ್ರು ಕೊಡೆ ತಂದು ಹಿಡಿದು, ಒದ್ದೆ ಬಟ್ಟೆ ತಲೆ ಮೇಲೆ ಹಾಕಿ, ಆಟೋ ಕರೆಸಿಕೊಟ್ರು, ದುಡ್ಡು ಕೊಟ್ರೂ ತಗೊಳ್ಲಿಲ್ಲ. ಕ್ಲಿನಿಕ್ಕಲ್ಲಿ ಎರಡು ಬಾಟಲ್ ಡ್ರಿಪ್ ಹಾಕಿದ್ರು. ಡಾಕ್ಟರ್ ಅಂದಿದ್ದು, ಬಿಸಿಲಲ್ಲಿ ಮಾತು ತಡವರಿಸಿದ್ರೆ ಎಳನೀರು ಕುಡಿಸ್ತಾ ಕೂರ್ಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಬನ್ನಿ ಅಂತ. ಸಂಜೆ ಆ ಡ್ರೈವರ್ ವೆಯ್ಟಿಂಗ್ ಚಾರ್ಜ್ ಅಂತ 800 ರೂಪಾಯಿ ಬೇರೆ ಕಿತ್ಕೊಂಡ. ಕಡಲ ತೀರದ ದೇವಸ್ಥಾನಕ್ಕೆ ಬೇರೆ ಟಿಕೆಟ್ ಅಂತ ಬೆಳಗ್ಗೇನೇ ದುಡ್ಡು ಇಸ್ಕೊಂಡಿದ್ದ, ಅದೂ ಸುಳ್ಳು, ಪಂಚರಥಕ್ಕೂ ಅದಕ್ಕೂ ಒಂದೇ ಟಿಕೆಟ್ಟು. ಅರ್ಜುನನ ತಪಸ್ಸಿನ ಶಿಲ್ಪ ರಸ್ತೆ ಪಕ್ಕದಲ್ಲೇ ಇದೆ, ಟಿಕೆಟ್ಟೇ ಬೇಕಾಗಿಲ್ಲ. ಮಾವ ಅದನ್ನ ಆಟೋದಿಂದ ತಿರುಗಿ ನೋಡಿದ್ದಷ್ಟೇ.

ಗೇಟ್ ಬೆಳಗ್ಗೆ ಆರಕ್ಕೇ ತೆಗೀತಾರೆ. ಗಾಡಿ ಗಂಟೆ ಲೆಕ್ಕದಲ್ಲಿ ಮಾತಾಡಿ, ಅಂಗಡಿಗೆ ನಿಲ್ಲಿಸೋ ಹಾಗಿಲ್ಲ ಅಂತ ಮೊದಲೇ ಮೆಸೇಜಲ್ಲಿ ಬರೆಸ್ಕೊಳ್ಳಿ, ಒಂಬತ್ತೂವರೆ ಒಳಗೆ ನೋಡಿ ಮುಗಿಸಿ, ನೀರು ಕೈಯಲ್ಲೇ ಇರ್ಲಿ.

ಮಾವ ಸಂಕ್ರಾಂತಿ ಆದ್ಮೇಲೆ ಮತ್ತೆ ಬರ್ತೀನಿ ಅಂದಿದ್ದಾರೆ. ಈ ಸಲ ರಜೆ ಹಾಕಿ ನಾನೇ ಗಾಡಿ ಓಡಿಸ್ತೀನಿ, ಐದು ಗಂಟೆಗೆ ಮನೆ ಬಿಡೋದು.