ಯುಎಸ್‌ಬಿ ಲ್ಯಾನ್ ಅಡಾಪ್ಟರ್, ಎರಡು ವರ್ಷದ ಬಳಕೆ: ತೋರಿಸಿದ್ದು 1000, ಸಿಕ್ಕಿದ್ದು 320

ಬಾಗಲಕೋಟೆ ನವನಗರದಲ್ಲಿ ನನ್ನದು ಮದುವೆ ವಿಡಿಯೋ ಎಡಿಟಿಂಗ್ ಅಂಗಡಿ. ಎರಡು ವರ್ಷದ ಹಿಂದೆ ಸಿಡಿಲಿಗೆ ಎಡಿಟಿಂಗ್ ಮಷಿನ್ನಿನ ಲ್ಯಾನ್ ಪೋರ್ಟ್, ಅಂದರೆ ನೆಟ್‌ವರ್ಕ್ ಕೇಬಲ್ ಸಿಕ್ಕಿಸುವ ಜಾಗ, ಸುಟ್ಟಿತು. ಮದರ್‌ಬೋರ್ಡ್ ಬದಲಿಸುವಷ್ಟು ದುಡ್ಡಿರಲಿಲ್ಲ. ಅದರ ಬದಲಿಗೆ ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಈ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ಅಡಾಪ್ಟರ್ 1,100 ರೂಪಾಯಿಗೆ ತಂದೆ. ಮಷಿನ್ನಿನಲ್ಲಿರುವ ಉಬುಂಟು ಲಿನಕ್ಸ್ ತಾನೇ ಗುರುತು ಹಿಡಿಯಿತು, ಡ್ರೈವರ್ ಹಾಕುವ ಉಸಾಬರಿಯೇ ಇಲ್ಲ.

ಮೊದಲ ವಾರ ಮಾತ್ರ ತಲೆ ಕೆಟ್ಟುಹೋಯಿತು. 120 ಜಿಬಿ ಫುಟೇಜ್ ಸ್ಟೋರೇಜ್ ಮಷಿನ್ನಿಗೆ ಹೋಗಲು ಹತ್ತಿರ ಹತ್ತಿರ ಒಂದು ತಾಸು. "ಅಣ್ಣಾ, ಇನ್ನೂ ನಲವತ್ತು ನಿಮಿಷ ತೋರಸಾಕತ್ತೈತಿ" ಅಂತ ಹುಡುಗ ಒಳಗಿಂದ ಕೂಗುತ್ತಾನೆ, ಹೊರಗೆ ಮದುಮಗನ ಕಾಕಾ ಪೆನ್‌ಡ್ರೈವ್ ಹಿಡಿದು ಕೂತಿದ್ದಾರೆ. ಲಿಂಕಿನ ಸ್ಥಿತಿ ತೋರಿಸುವ ಈಥ್‌ಟೂಲ್ ಕಮಾಂಡ್ ಕೇಳಿದರೆ ಸ್ಪೀಡ್ 1000, ಡುಪ್ಲೆಕ್ಸ್ ಫುಲ್ (ಎರಡೂ ದಿಕ್ಕಿಗೆ ಒಟ್ಟಿಗೇ). ವಾಪಸ್ ಕೊಡೋಣ ಅಂತ ಡಬ್ಬಿಗೂ ಹಾಕಿಟ್ಟೆ.

ತಪ್ಪು ಅಡಾಪ್ಟರ್‌ದಲ್ಲ. ಅಡಾಪ್ಟರೂ, ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ಚೂ ಯಾವ ವೇಗಕ್ಕೆ ಒಪ್ಪಿಕೊಂಡಿವೆ ಅನ್ನೋದನ್ನಷ್ಟೇ ಈಥ್‌ಟೂಲ್ ಹೇಳುತ್ತದೆ. ಬೇರೆಲ್ಲೋ ಕಟ್ಟಿಕೊಂಡಿದ್ದರೆ ಅದಕ್ಕೆ ಗೊತ್ತಾಗಲ್ಲ. ಫೈಲ್ ಕಾಪಿ ಮಾಡಿ ನೋಡಿದರೂ ಡಿಸ್ಕ್ ನಿಧಾನವೋ ನೆಟ್‌ವರ್ಕ್ ನಿಧಾನವೋ ತಿಳಿಯಲ್ಲ, ಅಲ್ವಾ? ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್3 ಪ್ರೋಗ್ರಾಂ ಡಿಸ್ಕ್ ಮುಟ್ಟುವುದೇ ಇಲ್ಲ. ಈ ಮಷಿನ್ನಿನ ಮೆಮೊರಿಯಿಂದ ಆ ಮಷಿನ್ನಿನ ಮೆಮೊರಿಗೆ ಡೇಟಾ ಸುರಿಯುತ್ತದೆ. ಓಡಿಸಿದೆ, ಸೆಕೆಂಡಿಗೆ 320 ಮೆಗಾಬಿಟ್ ಬಂತು. ಯುಎಸ್‌ಬಿ ಸಾಧನಗಳ ವೇಗ ತೋರಿಸುವ 'ಎಲ್‌ಎಸ್‌ಯುಎಸ್‌ಬಿ -ಟಿ' ಕಮಾಂಡ್ ಕೊಟ್ಟರೆ ಅಡಾಪ್ಟರ್ ಸಾಲಿನಲ್ಲಿ 480ಎಂ, ಅಂದರೆ ಬರೀ 480 ಮೆಗಾಬಿಟ್! ಕೈಗೆ ಹತ್ತಿರ ಅಂತ ಮುಂದಿನ ಕರಿ ಪೋರ್ಟಿಗೆ ಚುಚ್ಚಿದ್ದೆ, ಅದು ಯುಎಸ್‌ಬಿ 2. ಹಿಂದಿನ ನೀಲಿ ಪೋರ್ಟಿಗೆ ಹಾಕಿದ ಕೂಡಲೇ 5000ಎಂ ಆಯಿತು, ಐಪರ್ಫ್3 941 ತೋರಿಸಿತು. ಡೇಟಾದ ಪ್ರತಿ ತುಣುಕಿಗೂ ಅಂಟುವ ವಿಳಾಸದ ಚೀಟಿಗಳ (ಹೆಡರ್) ಭಾರ ಕಳೆದರೆ ಗಿಗಾಬಿಟ್ ಲೈನಿನಲ್ಲಿ ಸಿಗುವುದೇ ಅಷ್ಟು, ಸೆಕೆಂಡಿಗೆ ಸುಮಾರು 117 ಎಂಬಿ. ಅದೇ ಫುಟೇಜ್ ಇಪ್ಪತ್ತು ನಿಮಿಷದೊಳಗೆ ಮುಗಿಯಿತು. ಆ ದಿನ ಆದ ಖುಷಿ ಇನ್ನೂ ನೆನಪಿದೆ.

ಅಂದಿನಿಂದ ಇದು ದಿನದ ರೂಢಿ. ಶಟರ್ ಎತ್ತಿ, ಕಸ ಹೊಡೆದು, ಊದಿನಕಡ್ಡಿ ಹಚ್ಚುವ ಹೊತ್ತಿಗೆ ಚಾ ಬರುತ್ತದೆ. ಸ್ಟೋರೇಜ್ ಮಷಿನ್ನಿನಲ್ಲಿ ಐಪರ್ಫ್3 ಸರ್ವರ್ ಆಗಿ ಕಾಯುತ್ತಿರುತ್ತದೆ. ಇಲ್ಲಿಂದ ಓಡಿಸಿದರೆ ಸೆಕೆಂಡಿಗೊಂದರಂತೆ ಹತ್ತು ಸಾಲು ಇಳಿಯುತ್ತವೆ. ಪಕ್ಕದ ರೀಟ್ರಾನ್ಸ್‌ಮಿಟ್ (ಕಳೆದುಹೋಗಿ ಮತ್ತೆ ಕಳಿಸಿದ ತುಣುಕುಗಳ) ಕಾಲಂ ಸೊನ್ನೆ ಇದ್ದರೆ ಸಮಾಧಾನ. ಆಮೇಲೆ '-ಆರ್' ಹಾಕಿ ಉಲ್ಟಾ ದಿಕ್ಕಿಗೂ ಒಂದು ಸಲ. ಅಷ್ಟರಲ್ಲಿ ಚಾ ಕುಡಿಯುವ ಹದಕ್ಕೆ ಆರಿರುತ್ತದೆ.

ಹೋದ ವರ್ಷ ಒಂದು ಬೆಳಿಗ್ಗೆ 94 ಬಂತು. ಈ ಸಲ ಈಥ್‌ಟೂಲ್ ಕೂಡ 100 ಅಂದಿತು. ಬಾಗಿಲ ಸಂದಿಯಲ್ಲಿ ಸಿಕ್ಕಿ ಕೇಬಲ್ಲಿನ ಒಂದು ಎಳೆ ಕಡಿದಿತ್ತು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಎಳೆ ಬೇಕು, ನೂರಕ್ಕೆ ಎರಡು ಜೋಡಿ ಸಾಕು. ಕೇಬಲ್ ಬದಲಿಸಿದೆ, ಸರಿಹೋಯಿತು. ಗಿರಾಕಿ ಬರುವ ಮೊದಲೇ ಗೊತ್ತಾಗಿದ್ದು ದೊಡ್ಡದು.

ಒಂದೇ ತಕರಾರು: ನಮ್ಮ ಏಪ್ರಿಲ್ ಬಿಸಿಲಿಗೆ ಅಡಾಪ್ಟರ್ ಮುಟ್ಟಲಾಗದಷ್ಟು ಕಾಯುತ್ತದೆ. ವೇಗ ಮಾತ್ರ ಇಳಿದಿಲ್ಲ. ಇದೇ ಬೆಲೆಗೆ ಸಿಕ್ಕರೆ ಸ್ಟೋರೇಜ್ ಮಷಿನ್ನಿಗೂ ಒಂದು ತಂದು ಇಟ್ಟುಕೊಳ್ಳುತ್ತೇನೆ, ಮುಂದಿನ ಸಿಡಿಲಿಗೆ.