ಸದಸ್ಯರ ಲೆಕ್ಕ, ಉತ್ತರಗಳ ಲೆಕ್ಕ: ರೇಡಿಯೊ ದುರಸ್ತಿಯ ಫೋರಂ ಒಂದರಲ್ಲಿ 11 ವರ್ಷ

ವಾಲ್ವ್ ರೇಡಿಯೊಗಳ, ಎಂದರೆ ಟ್ರಾನ್ಸಿಸ್ಟರಿಗಿಂತ ಹಿಂದಿನ ಗಾಜಿನ ವಾಲ್ವುಗಳ ರೇಡಿಯೊಗಳ, ದುರಸ್ತಿಗೆಂದೇ ಇರುವ ಒಂದು ಇಂಗ್ಲಿಷ್ ಆನ್‌ಲೈನ್ ಫೋರಂಗೆ ನಾನು ಸೇರಿ 11 ವರ್ಷಗಳಾದವು. ಅದರ ಪುಟವಿನ್ಯಾಸ, ವಿಭಾಗಗಳು, ಆ್ಯಪ್ ಮುಂತಾದವುಗಳ ವಿವರ ಸೇರುವಾಗಲೇ ತಿಳಿಯುವುದರಿಂದ ಇಲ್ಲಿ ಬರೆಯುವುದಿಲ್ಲ. ನನ್ನನ್ನು ಈ ವಿಮರ್ಶೆಗೆ ಕೂರಿಸಿದ್ದು ಮುಖಪುಟದ ಮೇಲ್ಭಾಗದಲ್ಲಿ ದಪ್ಪ ಅಂಕಿಗಳಲ್ಲಿ ಕಾಣುವ ಸದಸ್ಯರ ಸಂಖ್ಯೆ. ನಾನು ಸೇರಿದಾಗ ಐದಂಕಿಯಲ್ಲಿದ್ದ ಅದು ಈಗ ಆರಂಕಿಗೆ ಏರಿದೆ. ಅದರ ಕೆಳಗೆ, ಈ ಹವ್ಯಾಸಕ್ಕೆ ಮೀಸಲಾದ ಫೋರಂಗಳಲ್ಲಿ ಇದೇ ದೊಡ್ಡದು ಎಂದು ಬರೆದಿದ್ದಾರೆ.

ಬೆಳಗಿನ ಕಾಫಿಗೆ ಡಿಕಾಕ್ಷನ್ ಇಳಿಯುವಷ್ಟು ಹೊತ್ತು ನಾನು ಈ ಫೋರಂ ತೆರೆದು ಕೂರುತ್ತೇನೆ. ಯುರೋಪಿನವರು ಸಂಜೆ ಬರೆದದ್ದೆಲ್ಲ ನಮಗೆ ಬೆಳಗಾಗುವ ಹೊತ್ತಿಗೆ ತುಂಬಿರುತ್ತದೆ. ಮೊದಲು ಹೊಸ ಪೋಸ್ಟುಗಳನ್ನು ನೋಡುತ್ತೇನೆ, ಆಮೇಲೆ ಯಾರೂ ಉತ್ತರಿಸದ ಪ್ರಶ್ನೆಗಳ ಪುಟಕ್ಕೆ ಹೋಗಿ, ನನಗೆ ತಿಳಿದದ್ದೇನಾದರೂ ಇದ್ದರೆ ನಾಲ್ಕು ಸಾಲು ಬರೆಯುತ್ತೇನೆ. ಬಿಚ್ಚಿದ ಚಾಸಿಯ (ಒಳಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟಿನ) ಧೂಳು, ಒಣಗಿದ ಕಂಡೆನ್ಸರ್, ಯಾರದೋ ಅಜ್ಜಿಯ ಮನೆಯಲ್ಲಿ ಸಿಕ್ಕಿದ ಕ್ಯಾಬಿನೆಟ್ಟಿನ ಮರದ ಹೊಳಪು, ಇವುಗಳ ಚಿತ್ರ ನೋಡಿದ ದಿನ ಕೆಲಸಕ್ಕೆ ಹೋಗುವಾಗಲೂ ಮನಸ್ಸು ಹಗುರವಾಗಿರುತ್ತದೆ.

ಎರಡು ವರ್ಷಗಳ ಹಿಂದೆ ನಮ್ಮ ಮನೆಯ ರೇಡಿಯೊದ ಡಯಲ್ ದಾರ ತುಂಡಾಯಿತು. ಅಪ್ಪ ಹುಬ್ಬಳ್ಳಿಯಲ್ಲಿ ಕೊಂಡ ರೇಡಿಯೊ ಅದು; ಧಾರವಾಡ ಆಕಾಶವಾಣಿಯನ್ನು ನಾವು ಕೇಳುತ್ತಿದ್ದದ್ದು ಅದರಲ್ಲೇ. ಗುಂಡಿ ತಿರುಗಿಸಿದಾಗ ಸ್ಟೇಷನ್ ಹಿಡಿಯುವ ಗ್ಯಾಂಗ್ ಕಂಡೆನ್ಸರನ್ನೂ ಗಾಜಿನ ಹಿಂದಿನ ಮುಳ್ಳನ್ನೂ ಒಟ್ಟಿಗೆ ಎಳೆಯುವುದು ಈ ದಾರವೇ. ಹೊಸ ದಾರ ತರುವುದು ಸುಲಭ, ಆದರೆ ಅದು ಯಾವ ರಾಟೆಯ ಮೇಲಿನಿಂದ, ಯಾವುದರ ಕೆಳಗಿನಿಂದ ಹೋಗಿ ಡ್ರಮ್ಮಿಗೆ ಎಷ್ಟು ಸುತ್ತು ಬರಬೇಕೆಂಬುದು ಗೊತ್ತಿಲ್ಲದಿದ್ದರೆ ಮುಳ್ಳು ಹಿಂದುಮುಂದಾಗಿ ಓಡುತ್ತದೆ. ಮಾದರಿಯ ಸಂಖ್ಯೆ, ನಾಲ್ಕು ಕಡೆಯಿಂದ ತೆಗೆದ ಚಿತ್ರಗಳು, ರಾಟೆಗಳ ಅಂತರ ಎಲ್ಲವನ್ನೂ ಕೊಟ್ಟು ಪ್ರಶ್ನೆ ಹಾಕಿದೆ. ಒಂದು ವಾರದಲ್ಲಿ ನೂರಾರು ಮಂದಿ ಅದನ್ನು ತೆರೆದು ನೋಡಿದರು, ಒಬ್ಬರೂ ಬರೆಯಲಿಲ್ಲ. ಮುಖಪುಟದ ಆರಂಕಿಯ ಸಂಖ್ಯೆ ಆ ವಾರವೂ ಏರುತ್ತಲೇ ಇತ್ತು. ನನಗೆ ನಿಜವಾಗಿಯೂ ನೋವಾಯಿತು.

ಹಾಗಾದರೆ ದೊಡ್ಡದೆಂದು ಯಾವುದನ್ನು ಕರೆಯಬೇಕು? ಸರಕಾರಗಳು ಕೂಡ ಇದನ್ನು ಒಂದೇ ರೀತಿಯಲ್ಲಿ ಅಳೆಯುವುದಿಲ್ಲ. ನಮ್ಮ ದೇಶದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಡಿ ಹೆಚ್ಚಿನ ಹೊಣೆ ಹೊರಬೇಕಾದ ಸಾಮಾಜಿಕ ಜಾಲತಾಣವನ್ನು ಗುರುತಿಸುವುದಕ್ಕೆ ಭಾರತದಲ್ಲಿ 50 ಲಕ್ಷ ನೋಂದಾಯಿತ ಬಳಕೆದಾರರೆಂಬ ಮಿತಿಯನ್ನು ಇಟ್ಟಿದ್ದಾರೆ. ಯುರೋಪಿಯನ್ ಒಕ್ಕೂಟವು 2022ರಲ್ಲಿ ಮಾಡಿದ ಡಿಜಿಟಲ್ ಸೇವೆಗಳ ಕಾಯ್ದೆಯಲ್ಲಿ ಅಳತೆ ನೋಂದಣಿಯದಲ್ಲ. ಒಕ್ಕೂಟದೊಳಗೆ ತಿಂಗಳಿಗೆ ಸರಾಸರಿ 4.5 ಕೋಟಿ ಮಂದಿ ಸಕ್ರಿಯವಾಗಿ ಬಳಸಿದರೆ ಅದು ಅತಿ ದೊಡ್ಡ ತಾಣ. ಒಮ್ಮೆ ಹೆಸರು ಬರೆಸಿ ಮತ್ತೆ ಬಾರದವನು ಮೊದಲನೆಯ ಲೆಕ್ಕದಲ್ಲಿ ಉಳಿಯುತ್ತಾನೆ, ಎರಡನೆಯದರಲ್ಲಿ ಉಳಿಯುವುದಿಲ್ಲ. ಚರ್ಚೆಯ ತಾಣವಾದ ರೆಡ್ಡಿಟ್ ಕೂಡ 2025ರಲ್ಲಿ ತನ್ನ ಸಮುದಾಯಗಳ ಪುಟದಲ್ಲಿದ್ದ ಸದಸ್ಯರ ಸಂಖ್ಯೆಯ ಜಾಗದಲ್ಲಿ ವಾರದಲ್ಲಿ ಭೇಟಿ ಕೊಟ್ಟವರ ಮತ್ತು ಬರಹಗಳ ಸಂಖ್ಯೆಯನ್ನು ತೋರಿಸಲು ತೊಡಗಿತು. ನಮ್ಮ ಫೋರಂ ಇನ್ನೂ ಹಳೆಯ ಲೆಕ್ಕವನ್ನೇ ಹಿಡಿದುಕೊಂಡಿದೆ, ಇದು ಅದರ ಮೇಲೆ ನನಗಿರುವ ದೊಡ್ಡ ತಕರಾರು.

ಆನ್‌ಲೈನ್ ಸಮುದಾಯಗಳಲ್ಲಿ ನೂರಕ್ಕೆ 90 ಮಂದಿ ಓದುವವರು, 9 ಮಂದಿ ಆಗಾಗ ಬರೆಯುವವರು, ಉಳಿದ ಒಬ್ಬರಿಂದಲೇ ಹೆಚ್ಚಿನ ಬರಹ ಬರುತ್ತದೆ ಎಂಬ ಸ್ಥೂಲ ಸೂತ್ರವನ್ನು ಜಾಲತಾಣಗಳ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2006ರಲ್ಲಿ ಮುಂದಿಟ್ಟಿದ್ದರು. ನಾನು ಒಂದು ತಿಂಗಳು ನಮ್ಮ ಫೋರಂನಲ್ಲಿ ಉಪಯುಕ್ತ ಉತ್ತರ ಕೊಟ್ಟವರ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎಲ್ಲವೂ ಒಂದೇ ಪುಟದಲ್ಲಿ ಹಿಡಿಸಿದವು. ಅವರಲ್ಲಿ ಹೆಚ್ಚಿನವರು ನಿವೃತ್ತರು, ಕೆಲವರ ಬರಹ ಈಗಾಗಲೇ ಅಪರೂಪವಾಗಿದೆ. ಹೊಸಬರು ಗುಂಪಾಗಿ ಬಂದಾಗ ಅವರಿಗೆ ರೀತಿನೀತಿ ಕಲಿಸುವುದೂ ಈ ಕೆಲವರೇ. 1980ರಲ್ಲಿ ಶುರುವಾದ ಯೂಸ್‌ನೆಟ್ ಎಂಬ ಹಳೆಯ ಚರ್ಚಾಜಾಲಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯಗಳ ಹೊಸ ವಿದ್ಯಾರ್ಥಿಗಳು ಬರುತ್ತಿದ್ದರು, ಕೆಲವು ವಾರಗಳಲ್ಲಿ ಅಲ್ಲಿನ ಪದ್ಧತಿ ಕಲಿಯುತ್ತಿದ್ದರು. ವಾಣಿಜ್ಯ ಸೇವೆಗಳ ಮೂಲಕ ಜನ ನಿಲ್ಲದೆ ಬರತೊಡಗಿದ ಮೇಲೆ ಕಲಿಸುವವರಿಗೆ ಬಿಡುವೇ ಸಿಗಲಿಲ್ಲ. ಅದಕ್ಕೇ 1993ರ ಸೆಪ್ಟೆಂಬರ್ ಇನ್ನೂ ಮುಗಿದಿಲ್ಲವೆಂದು ಹಳಬರು ಇಂದಿಗೂ ಹೇಳುತ್ತಾರೆ.

ಬೇಸರದಲ್ಲಿ ಆ ವರ್ಷದ ಸ್ವಯಂಪ್ರೇರಿತ ಶುಲ್ಕವನ್ನೂ ಕಟ್ಟದೆ ಬಿಟ್ಟೆ. ನನ್ನ ಸಂಬಳದಲ್ಲಿ ಹವ್ಯಾಸಕ್ಕೆಂದು ಎತ್ತಿಡುವ ಹಣ ಕಡಿಮೆ, ಅದನ್ನು ದಾರಕ್ಕೋ ವಾಲ್ವಿಗೋ ಬಳಸಬಹುದಿತ್ತು. ಆದರೂ ಹುಡುಕುವುದನ್ನು ಬಿಡಲಿಲ್ಲ. ಮಾದರಿಯ ಸಂಖ್ಯೆಯನ್ನು ಬಿಟ್ಟು ರಾಟೆಗಳ ಸಂಖ್ಯೆ, ಡ್ರಮ್ಮಿನ ಅಳತೆಗಳಿಂದ ಹುಡುಕಿದಾಗ ಒಂದು ಭಾನುವಾರ 2009ರ ಥ್ರೆಡ್, ಎಂದರೆ ಒಂದೇ ವಿಷಯದ ಪೋಸ್ಟುಗಳ ಸಾಲು, ಸಿಕ್ಕಿತು. ಬೇರೆ ದೇಶದಲ್ಲಿ, ಬೇರೆ ಹೆಸರಿನಲ್ಲಿ ಮಾರಾಟವಾದ ರೇಡಿಯೊ ಅದು, ಒಳಗಿನ ಚಾಸಿ ಮಾತ್ರ ನಮ್ಮದೇ. ಅಲ್ಲಿದ್ದ ರೇಖಾಚಿತ್ರ ಕಾಣಲಿಲ್ಲ. ಚಿತ್ರಗಳನ್ನು ಇಡುವ ಹೊರಗಿನ ಸೇವೆಯೊಂದು 2017ರಲ್ಲಿ ಉಚಿತ ಕೊಂಡಿಗಳನ್ನು ನಿಲ್ಲಿಸಿದಾಗ ಇಂತಹ ಎಷ್ಟೋ ಥ್ರೆಡ್ಡುಗಳು ಕುರುಡಾದವು. ಆದರೆ ಆ ಪುಣ್ಯಾತ್ಮ ಚಿತ್ರದ ಕೆಳಗೆ ಎಲ್ಲವನ್ನೂ ಮಾತಿನಲ್ಲಿಯೂ ಬರೆದಿದ್ದರು: ಗ್ಯಾಂಗ್ ಪೂರ್ತಿ ಮುಚ್ಚಿರಬೇಕು, ದಾರ ಎಡಗಡೆಯ ರಾಟೆಯ ಮೇಲಿನಿಂದ ಹೊರಡಬೇಕು, ಗುಂಡಿಯ ಕಡ್ಡಿಗೆ ಎರಡೂವರೆ ಸುತ್ತು ಬರಬೇಕು, ಸ್ಪ್ರಿಂಗನ್ನು ಕೊನೆಗೆ ಸಿಕ್ಕಿಸಬೇಕು. ಅವರು ಫೋರಂಗೆ ಬಾರದೆ ಬಹಳ ವರ್ಷಗಳಾಗಿವೆ. ಸಕ್ರಿಯ ಸದಸ್ಯರ ಲೆಕ್ಕದಲ್ಲಿ ಅವರು ಸೊನ್ನೆ, ನನಗೆ ಉತ್ತರ ಕೊಟ್ಟವರು ಅವರೊಬ್ಬರೇ. ಇಷ್ಟು ವರ್ಷ ನಾನು ಬದುಕಿರುವ ಹೆಸರುಗಳನ್ನಷ್ಟೇ ಎಣಿಸುತ್ತಿದ್ದೆ, ಅಳಿಸದೆ ಉಳಿಸಿಕೊಂಡ ಥ್ರೆಡ್ಡುಗಳನ್ನು ಎಣಿಸಿರಲಿಲ್ಲ. ಸರ್ವರ್ ಬದಲಿಸಿದಾಗಲೂ ಒಂದು ಪೋಸ್ಟನ್ನೂ ಕಳೆಯದೆ ಸಾಗಿಸಿದ ಮಾಡರೇಟರುಗಳ ಶ್ರಮವನ್ನು ಮುಖಪುಟದಲ್ಲಿ ಯಾರೂ ಬರೆದಿಲ್ಲ.

ಐದರಲ್ಲಿ ನಾಲ್ಕು ಅಂಕ ಕೊಡುತ್ತಿದ್ದೇನೆ. ಸದಸ್ಯರ ಸಂಖ್ಯೆಯ ಜಾಗದಲ್ಲಿ ಆ ವಾರ ಉತ್ತರ ಸಿಕ್ಕ ಪ್ರಶ್ನೆಗಳೆಷ್ಟು, ಸಿಗದೆ ಉಳಿದವೆಷ್ಟು ಎಂದು ತೋರಿಸಿದ ದಿನ ಐದನೆಯದನ್ನೂ ಕೊಡುತ್ತೇನೆ. ಬಾಕಿ ಇದ್ದ ಶುಲ್ಕವನ್ನು ಸೇರಿಸಿ ಎರಡು ವರ್ಷದ್ದನ್ನು ಒಟ್ಟಿಗೆ ಕಟ್ಟಿದ್ದೇನೆ. ದಾರ ಹಾಕಿ ಮುಗಿಸಿದ ಸಂಜೆ ಮುಳ್ಳು 765ರ ಹತ್ತಿರ ಬಂದಾಗ ಧಾರವಾಡ ಕೇಳಿಸಿತು. ಮರುದಿನ ಡಿಕಾಕ್ಷನ್ ಇಳಿಯುವ ಹೊತ್ತಿನಲ್ಲಿ ದಾರದ ದಾರಿಯ ಚಿತ್ರವನ್ನು ಕಾಗದದ ಮೇಲೆ ಬರೆದು, ಫೋರಂನ ಸ್ವಂತ ಸರ್ವರಿಗೇ ಏರಿಸಿ, 2009ರ ಆ ಥ್ರೆಡ್ಡಿನ ಕೆಳಗೆ ನಮ್ಮ ರೇಡಿಯೊದ ಮಾದರಿ ಸಂಖ್ಯೆಯೊಂದಿಗೆ ಹಾಕಿದೆ.